ಮಂಡಿಗೆ ಪೆಟ್ಟಾಗಿದೆ, ಶನಿವಾರ ಸೆಮಿಫೈನಲ್ ಇದೆ. ಆಡಬೇಕಾ?

ಈ ಪ್ರಶ್ನೆಗೆ ಉತ್ತರವನ್ನು ಮ್ಯಾಚ್ ದಿನ ಬೆಳಿಗ್ಗೆ ಸಾಕ್ಸ್ ಎಳೆದುಕೊಳ್ಳುತ್ತಾ ಹುಡುಕಬೇಡಿ. ಅಷ್ಟು ಹೊತ್ತಿಗೆ ಮನಸ್ಸು ಆಡಿಯೇ ಆಡುತ್ತೇನೆ ಅಂತ ತೀರ್ಮಾನ ಮಾಡಿಬಿಟ್ಟಿರುತ್ತದೆ. ನಾನು ಹಾಗೇ ಮಾಡಿದವನು. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಕೆಳಗಿನ ಡಿವಿಷನ್ ಒಂದರಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದೆ. ಪ್ರಾಕ್ಟೀಸ್‌ನಲ್ಲಿ ಚೆಂಡಿನ ಹಿಂದೆ ಓಡುತ್ತಾ ಗಕ್ಕನೆ ತಿರುಗಿದೆ, ಯಾರೂ ಮುಟ್ಟಲಿಲ್ಲ, ಮಂಡಿಯೊಳಗೆ ಟಪ್ ಅಂತು. ಎಂಆರ್‌ಐ ತೆಗೆಸಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಎಸಿಎಲ್, ಹರಿದಿತ್ತು; ಮೂಳೆಗಳ ನಡುವಿನ ಮೆತ್ತೆ, ಮಿನಿಸ್ಕಸ್, ಚೆನ್ನಾಗಿತ್ತು. ಐದು ವಾರ ಕಳೆದ ಮೇಲೆ ನೋವಿಲ್ಲ ಅಂತ ಸೆಮಿಫೈನಲ್ ಆಡಿದೆ. ಇಪ್ಪತ್ತು ನಿಮಿಷಕ್ಕೆ ಮಂಡಿ ಜಾರಿತು, ಮಿನಿಸ್ಕಸ್ ಹೊಲಿಯೋಕೂ ಆಗದ ಹಾಗೆ ಹರಿಯಿತು. ಡಾಕ್ಟರ್ ಆ ಭಾಗ ಕತ್ತರಿಸಿ ತೆಗೆದರು. ಎಸಿಎಲ್ ಜಾಗಕ್ಕೆ ಬೇರೆ ಸ್ನಾಯುರಜ್ಜು ತಂದು ಹಾಕಬಹುದು. ಕತ್ತರಿಸಿದ ಮಿನಿಸ್ಕಸ್ ಮತ್ತೆ ಬೆಳೆಯುವುದಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಡಾಕ್ಟರ್ ಸಲಹೆ ಅಲ್ಲ. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು, ಕೋಚ್ ಮುಂದೆ ನಿಂತಾಗ ಏನು ಹೇಳಬೇಕು ಅನ್ನುವುದು ಗೊತ್ತಿರಲಿ ಅಂತ.

ಮೊದಲ ರಾತ್ರಿ

ಪೆಟ್ಟಾದ ಕೂಡಲೇ ಆಟ ನಿಲ್ಲಿಸಿ. 'ಎರಡು ನಿಮಿಷ ನಡೆದಾಡು, ಸರಿ ಹೋಗುತ್ತೆ' ಅಂತ ಹೇಳುವವರು ಇದ್ದೇ ಇರುತ್ತಾರೆ. ಅವರ ಮಾತು ಕೇಳಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವಿಸುವುದು, ಬಿಸಿನೀರಿನ ಶಾಖ, ಮದ್ಯ ಕುಡಿಯುವುದು ಯಾವುದೂ ಬೇಡ. ಮನೆಯಲ್ಲಿ ಅಜ್ಜಿ ಪ್ರೀತಿಯಿಂದ ಎಣ್ಣೆ ಕಾಯಿಸಿ ತರುತ್ತಾರೆ, ನನಗೂ ತಂದಿದ್ದರು. ಒಳಗೆ ರಕ್ತ ಸೋರುತ್ತಿರುವಾಗ ನೀವಿದರೆ ಊತ ಜಾಸ್ತಿಯಾಗುತ್ತದೆ ಅಂತ ಮೆತ್ತಗೆ ಹೇಳಿ.

ಊತ ಯಾವಾಗ ಬಂತು ಅಂತ ಗಡಿಯಾರ ನೋಡಿ ಬರೆದಿಡಿ. ಎರಡು ಮೂರು ಗಂಟೆಯೊಳಗೆ ಮಂಡಿ ಚೆಂಡಿನ ಹಾಗೆ ಉಬ್ಬಿದರೆ ಕೀಲಿನೊಳಗೆ ರಕ್ತ ತುಂಬಿದೆ ಅಂತ ಅರ್ಥ, ಜತೆಗೆ ಟಪ್ ಅನ್ನುವ ಶಬ್ದವೂ ಆಗಿದ್ದರೆ ಎಸಿಎಲ್ ಮೇಲೆ ಅನುಮಾನ ಜಾಸ್ತಿ. ಊತ ನಿಧಾನವಾಗಿ, ಮಾರನೇ ದಿನ ಬಂದರೆ ಹೆಚ್ಚಾಗಿ ಮಿನಿಸ್ಕಸ್ ಕಡೆ ಬೆರಳು ತೋರಿಸುತ್ತದೆ. ಇದು ಬರೀ ಸುಳಿವು, ತೀರ್ಪಲ್ಲ. ಆದರೆ ಈ ಒಂದು ಸಾಲು ಡಾಕ್ಟರ್‌ಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಇನ್ನು ಕೆಲವು ಲಕ್ಷಣ ಕಂಡರೆ ಆಡಬೇಕಾ ಬೇಡವಾ ಅನ್ನುವ ಚರ್ಚೆಯೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ: ನಾಲ್ಕು ಹೆಜ್ಜೆ ಇಡೋಕೆ ಆಗುತ್ತಿಲ್ಲ, ಮಂಡಿ ಬಾಗಿದಲ್ಲೇ ಸಿಕ್ಕಿಹಾಕಿಕೊಂಡಿದೆ, ಮಂಡಿಚಿಪ್ಪು ಜಾಗ ಬಿಟ್ಟಿದೆ, ಮಲಗಿಕೊಂಡು ಕಾಲನ್ನು ನೇರವಾಗಿ ಮೇಲೆತ್ತೋಕೆ ಆಗುತ್ತಿಲ್ಲ, ಪಾದ ಮರಗಟ್ಟಿದೆ ಅಥವಾ ತಣ್ಣಗಾಗಿದೆ. ಬೆಂಗಳೂರಿನವರಾದರೆ ಜಯನಗರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಮೂಳೆ ಮತ್ತು ಅಪಘಾತಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ.

ನೋವನ್ನು ಕೇಳಬೇಡಿ

ನಾನು ಎಡವಿದ್ದು ಇಲ್ಲಿ. ಎಸಿಎಲ್ ಹರಿದ ಮಂಡಿಯಲ್ಲಿ ಎರಡು ಮೂರು ವಾರಕ್ಕೆ ಊತ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ. ನಡೆಯಬಹುದು, ಸೈಕಲ್ ತುಳಿಯಬಹುದು, ನೇರವಾಗಿ ಜಾಗಿಂಗ್ ಕೂಡ ಮಾಡಬಹುದು. ಆಗ ಎಲ್ಲರಿಗೂ ಅನಿಸುವುದು ಒಂದೇ, ವಾಸಿಯಾಯ್ತು ಅಂತ. ಆದರೆ ಎಸಿಎಲ್ ಇರುವುದೇ ನೇರ ಓಟಕ್ಕಲ್ಲ. ತೊಡೆಮೂಳೆಯ ಕೆಳಗೆ ಕಣಕಾಲಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚಿಕೊಳ್ಳದ ಹಾಗೆ ಹಿಡಿದುಕೊಳ್ಳುವ ಹಗ್ಗ ಅದು. ಡಿಫೆಂಡರ್‌ನನ್ನು ತಪ್ಪಿಸಿ ಒಳಗೆ ಕಟ್ ಮಾಡುವಾಗ, ಹೆಡ್ ಮಾಡಿ ಒಂಟಿ ಕಾಲಲ್ಲಿ ಇಳಿಯುವಾಗ, ಓಡುತ್ತಾ ಗಕ್ಕನೆ ನಿಲ್ಲುವಾಗ, ಅಂದರೆ ಫುಟ್‌ಬಾಲ್ ಆಡುವಾಗ, ಅದು ಬೇಕೇ ಬೇಕು. ಅದರಲ್ಲೂ ಕೃತಕ ಟರ್ಫ್‌ನಲ್ಲಿ ಬೂಟಿನ ಸ್ಟಡ್ಸ್ ಕಚ್ಚಿಕೊಂಡು ಪಾದ ಅಲ್ಲೇ ನಿಂತುಬಿಟ್ಟರೆ, ಮೈ ತಿರುಗಿದ ಅಷ್ಟೂ ಭಾರ ಮಂಡಿಯ ಮೇಲೆ ಬೀಳುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ 'ನೋಯುತ್ತಿದೆಯಾ' ಅಂತಲ್ಲ, 'ಜಾರುತ್ತಿದೆಯಾ' ಅಂತ. ಮೆಟ್ಟಿಲು ಇಳಿಯುವಾಗ, ಬಸ್ಸಿನಿಂದ ಇಳಿದು ತಿರುಗುವಾಗ ಮಂಡಿ ಒಂದೇ ಒಂದು ಸಲ ಕೈಕೊಟ್ಟರೂ ಆಡಬೇಡಿ. ಒಂದೊಂದು ಸಲ ಜಾರಿದಾಗಲೂ ಮೂಳೆಗಳ ನಡುವಿನ ಮೆತ್ತೆ, ಅಂದರೆ ಮಿನಿಸ್ಕಸ್, ಜಜ್ಜಿಹೋಗಬಹುದು. ಅದಕ್ಕೆ ಹೊರ ಅಂಚಿನಲ್ಲಿ ಮಾತ್ರ ರಕ್ತ ಸಂಚಾರ ಚೆನ್ನಾಗಿರುತ್ತದೆ. ಅಲ್ಲಿ ಹರಿದರೆ ಹೊಲಿದು ಕೂಡಿಸುವ ಅವಕಾಶವಿದೆ. ಒಳಭಾಗ ಹರಿದರೆ ತಾನಾಗಿ ಕೂಡುವುದು ಕಷ್ಟ. ಮೆತ್ತೆ ಕಳೆದುಕೊಂಡ ಮಂಡಿಗೆ ಸಂಧಿವಾತ ಬೇಗ ಬರುತ್ತದೆ. ನನಗೆ ಮೂವತ್ತೈದು ತುಂಬುವ ಮೊದಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಕಷ್ಟವಾಯಿತು.

ಬಟ್ಟೆಯ ನೀ ಕ್ಯಾಪ್ ಇದನ್ನು ತಡೆಯುವುದಿಲ್ಲ. ಬೆಚ್ಚಗಿರುತ್ತದೆ, ಧೈರ್ಯ ಬರುತ್ತದೆ, ಅಷ್ಟೇ.

ಎಲ್ಲ ಪೆಟ್ಟೂ ಒಂದೇ ಅಲ್ಲ

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಮಂಡಿಯ ಒಳಮಗ್ಗುಲಿನ ಎಂಸಿಎಲ್ ಅನ್ನುವ ಲಿಗಮೆಂಟ್ ಸ್ವಲ್ಪ ಎಳೆದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಡ, ಬ್ರೇಸ್ ಮತ್ತು ವ್ಯಾಯಾಮದಲ್ಲೇ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಎಸಿಎಲ್ ಹರಿದರೂ ನಾಳೆಯೇ ಆಪರೇಷನ್ ಟೇಬಲ್ ಹತ್ತಬೇಕು ಅಂತಿಲ್ಲ, ಮೊದಲು ಊತ ಇಳಿದು ಮಂಡಿ ಪೂರ್ತಿ ನೇರವಾಗಬೇಕು, ತೊಡೆಗೆ ಬಲ ಬರಬೇಕು. ಹೆಸರೇ ಗೊತ್ತಿಲ್ಲದ ಪೆಟ್ಟಿನ ಮೇಲೆ ಆಡುವುದು ಮಾತ್ರ ಬೇಡ. ಡಾಕ್ಟರ್ ಕೈಯಿಂದ ಮಂಡಿ ಪರೀಕ್ಷೆ ಮಾಡಲಿ, ಅವರು ಹೇಳಿದರೆ ಎಂಆರ್‌ಐ ತೆಗೆಸಿ. ಎಕ್ಸ್‌ರೇ ನಾರ್ಮಲ್ ಅಂತ ಖುಷಿಪಡಬೇಡಿ, ಅದರಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ.

ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಹತ್ತಿರ 'ಆಡಬಹುದಾ ಸರ್' ಅಂತ ಕೇಳಬೇಡಿ. ಹೀಗೆ ಕೇಳಿ: ಈಗ ಆಡಿದರೆ ಇನ್ನೇನು ಹರಿಯಬಹುದು? ಹರಿದರೆ ಅದನ್ನು ಆಮೇಲೆ ಸರಿ ಮಾಡೋಕೆ ಆಗುತ್ತಾ? ಆರು ವಾರ ಕಾದರೆ ನಾನು ಏನು ಕಳೆದುಕೊಳ್ಳುತ್ತೇನೆ? ಉತ್ತರ 'ನೋವಾಗಬಹುದು, ಆದರೆ ಹೊಸದಾಗಿ ಏನೂ ಕೆಡುವುದಿಲ್ಲ' ಅಂತ ಬಂದರೆ ಮಾತ್ರ ಆಡುವುದರ ಬಗ್ಗೆ ಯೋಚನೆ ಮಾಡಿ.

ಇಂಜೆಕ್ಷನ್ ಹಾಕಿಸಿಕೊಂಡು ಇಳಿಯುವ ಬಗ್ಗೆ ಸಹ ಆಟಗಾರರು ಹೇಳಿಯೇ ಹೇಳುತ್ತಾರೆ. ನೋವು ಮುಚ್ಚಿದರೆ ಮಂಡಿ ಗಟ್ಟಿಯಾಗುವುದಿಲ್ಲ, ಎಚ್ಚರಿಕೆಯ ಗಂಟೆ ಬಂದ್ ಆಗುತ್ತದೆ. ಇನ್ನೊಂದು ವಿಷಯ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ವಿಶ್ವ ಡೋಪಿಂಗ್ ತಡೆ ಸಂಸ್ಥೆಯ (ವಾಡಾ) ಪಟ್ಟಿಯ ಪ್ರಕಾರ 2022ರ ಜನವರಿ 1ರಿಂದ ಸ್ಪರ್ಧೆಯ ಸಮಯದಲ್ಲಿ ಊತ ಇಳಿಸುವ ಸ್ಟಿರಾಯ್ಡ್ ಇಂಜೆಕ್ಷನ್ ನಿಷೇಧ, ಮಂಡಿಗೆ ಹಾಕಿಸಿಕೊಂಡರೂ ಅಷ್ಟೇ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ 2024ರಿಂದ ಅದೇ ಪಟ್ಟಿಯಲ್ಲಿದೆ. ಡೋಪಿಂಗ್ ಪರೀಕ್ಷೆ ಇರುವ ಟೂರ್ನಿಯಲ್ಲಿ ಆಡುವವರಾದರೆ ಇದನ್ನು ಡಾಕ್ಟರ್‌ಗೆ ಮೊದಲೇ ಹೇಳಿ.

ಇಬ್ರಾಹಿಮೊವಿಚ್ ಆಡಲಿಲ್ವಾ?

ಈ ಮಾತು ಪ್ರತಿ ಸಲ ಬರುತ್ತದೆ. ಹೌದು, ಸ್ವೀಡನ್‌ನ ಸ್ಟಾರ್ ಆಟಗಾರ ಜ್ಲಾಟನ್ ಇಬ್ರಾಹಿಮೊವಿಚ್ ಆಡಿದರು. 2022ರಲ್ಲಿ ಎಸಿ ಮಿಲಾನ್ ಇಟಲಿಯ ಲೀಗ್ ಗೆದ್ದಾಗ ಅವರ ಎಡ ಮಂಡಿಯಲ್ಲಿ ಆರು ತಿಂಗಳಿಂದ ಎಸಿಎಲ್ ಇರಲಿಲ್ಲ. ಅವರೇ ಬರೆದುಕೊಂಡ ಪ್ರಕಾರ ಆ ಆರು ತಿಂಗಳಲ್ಲಿ 20ಕ್ಕಿಂತ ಹೆಚ್ಚು ಇಂಜೆಕ್ಷನ್, ವಾರಕ್ಕೊಮ್ಮೆ ಮಂಡಿಯಿಂದ ನೀರು ತೆಗೆಸುವುದು, ದಿನಾ ನೋವಿನ ಮಾತ್ರೆ, ಸರಿಯಾದ ನಿದ್ದೆಯೇ ಇಲ್ಲ. ಕಪ್ ಎತ್ತಿದ ಕೆಲವೇ ದಿನಕ್ಕೆ ಆಪರೇಷನ್, ಮುಂದಿನ ವರ್ಷ ಜೂನ್‌ನಲ್ಲಿ ನಿವೃತ್ತಿ. ಅವರಿಗೆ ಆಗ 40 ವರ್ಷ, ಪಕ್ಕದಲ್ಲಿ ಕ್ಲಬ್‌ನ ಡಾಕ್ಟರ್‌ಗಳ ತಂಡವೇ ಇತ್ತು. ನಿಮಗೆ 19 ಆಗಿದ್ದರೆ ಲೆಕ್ಕವೇ ಬೇರೆ, ಅಲ್ವಾ?

ನನಗೆ ಜಾಸ್ತಿ ನೆನಪಾಗುವುದು ಬ್ರೆಜಿಲ್‌ನ ರೊನಾಲ್ಡೊ. 1999ರ ನವೆಂಬರ್‌ನಲ್ಲಿ ಇಂಟರ್ ಮಿಲಾನ್ ಪರ ಆಡುವಾಗ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿಗೆ ಪೆಟ್ಟಾಯಿತು, ಆಪರೇಷನ್ ಆಯಿತು. ಐದು ತಿಂಗಳಿಗೆ, 2000ದ ಏಪ್ರಿಲ್ 12ರಂದು, ಲಾಜಿಯೊ ವಿರುದ್ಧ ಕೋಪಾ ಇಟಾಲಿಯಾ ಫೈನಲ್‌ಗೆ ಬದಲಿ ಆಟಗಾರನಾಗಿ ಇಳಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಚೆಂಡನ್ನು ದಾಟಿಸಿಕೊಂಡು ಹೋಗುವಾಗ ಅದೇ ಮಂಡಿಯ ರಜ್ಜು ಪೂರ್ತಿ ಕಿತ್ತುಬಂತು, ಯಾರೂ ಅವರನ್ನು ಮುಟ್ಟಿರಲಿಲ್ಲ. ಮುಂದಿನ ಇಡೀ ಸೀಸನ್ ಹೋಯಿತು. ಆಮೇಲೆ ಕಾದರು. 2002ರ ವಿಶ್ವಕಪ್‌ನಲ್ಲಿ 8 ಗೋಲು, ಫೈನಲ್‌ನ ಎರಡೂ ಗೋಲು ಅವರದ್ದೇ.

ವಾಪಸ್ ಬರುವುದು ಯಾವಾಗ

ಎಸಿಎಲ್ ಆಪರೇಷನ್ ಆದವರು ಕನಿಷ್ಠ ಒಂಬತ್ತು ತಿಂಗಳು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ವಾಪಸಾತಿಯನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಅರ್ಧದಷ್ಟು ಇಳಿದಿತ್ತು. ಬರೀ ಕ್ಯಾಲೆಂಡರ್ ನೋಡಿದರೂ ಸಾಲದು. ಪೆಟ್ಟಾದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕು, ಒಂಟಿ ಕಾಲಲ್ಲಿ ಕುಪ್ಪಳಿಸಿದ ದೂರವೂ ಹಾಗೇ. ಫಿಸಿಯೋ ಇದನ್ನು ಅಳೆದು ಕೊಡುತ್ತಾರೆ.

ಸಣ್ಣ ಪೆಟ್ಟಿನಿಂದ ವಾಪಸ್ ಬರುವವರಿಗೆ ತಾವೇ ಮಾಡಿಕೊಳ್ಳುವ ಒಂದು ಪರೀಕ್ಷೆ ಇದೆ. ಡಾಕ್ಟರ್ ಒಪ್ಪಿದ ಮೇಲೆ ಮೊದಲು ನೇರ ಓಟ, ಆಮೇಲೆ ಎಂಟರ ಆಕಾರದಲ್ಲಿ ಓಟ, ಆಮೇಲೆ ಗಕ್ಕನೆ ನಿಂತು ತಿರುಗುವುದು, ಕೊನೆಗೆ ಎದುರಾಳಿಯ ಜತೆ ಟ್ಯಾಕಲ್. ದಿನಕ್ಕೆ ಒಂದೇ ಮೆಟ್ಟಿಲು. ಮಾರನೇ ದಿನ ಬೆಳಿಗ್ಗೆ ಎರಡೂ ಮಂಡಿ ಪಕ್ಕಪಕ್ಕ ಇಟ್ಟು ನೋಡಿ, ಟೇಪ್ ಹಿಡಿದು ಸುತ್ತಳತೆ ಬರೆದಿಡಿ. ಊತ ಬಂದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಕೋಚ್‌ಗೆ ಹೇಳುವುದು ಎಲ್ಲಕ್ಕಿಂತ ಕಷ್ಟ, ಗೊತ್ತು. ಜಾಗ ಹೋಗುತ್ತದೆ ಅನ್ನುವ ಭಯ ನಿಜವಾದದ್ದೇ. ಆದರೂ ಗುರುವಾರ ರಾತ್ರಿಯೇ ಹೇಳಿಬಿಡಿ, ಅವರಿಗೂ ಬೇರೆ ಹುಡುಗನನ್ನು ತಯಾರು ಮಾಡೋಕೆ ಒಂದು ದಿನ ಸಿಗುತ್ತದೆ. 'ನೋವಿದೆ ಸರ್' ಅಂದರೆ 'ನೋಡೋಣ' ಅನ್ನುತ್ತಾರೆ. 'ಎಸಿಎಲ್ ಹರಿದಿದೆ, ತಿರುಗಿದಾಗ ಮಂಡಿ ಜಾರುತ್ತಿದೆ, ಡಾಕ್ಟರ್ ಬೇಡ ಅಂದಿದ್ದಾರೆ, ರಿಪೋರ್ಟ್ ಕಳಿಸಿದ್ದೇನೆ' ಅಂತ ಬರೆದು ಕಳಿಸಿ. ಶನಿವಾರ ಗ್ರೌಂಡ್‌ಗೆ ಹೋಗಿ, ಬೆಂಚ್ ಹತ್ತಿರ ಕೂತುಕೊಳ್ಳಿ, ನಿಮ್ಮ ಜಾಗದಲ್ಲಿ ಆಡುವ ಹುಡುಗನಿಗೆ ಎದುರು ವಿಂಗರ್ ಯಾವ ಕಡೆ ಕಟ್ ಮಾಡುತ್ತಾನೆ ಅಂತ ಹೇಳಿಕೊಡಿ. ಸ್ಟಡ್ಸ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.