ಮ್ಯಾಗ್ನೆಟ್ ಚಾರ್ಜರ್ ಇರುವವರಿಗೆ: ಕವರ್ ತೆಗೆಯಿರಿ, ಗಾಳಿಗೆ ಇಡಿ

ಮ್ಯಾಗ್‌ಸೇಫ್ ಥರದ, ಅಂದರೆ ಮ್ಯಾಗ್ನೆಟ್‌ನಿಂದ ಫೋನಿನ ಹಿಂಬದಿಗೆ ಅಂಟಿಕೊಂಡು ವೈರ್ ಚುಚ್ಚದೆಯೇ ಚಾರ್ಜ್ ಮಾಡುವ ಚಾರ್ಜರ್ ಬಳಸುವವರು ಫೋನಿನ ದಪ್ಪ ಕವರ್ ತೆಗೆದು, ಸ್ಟ್ಯಾಂಡ್‌ಗೆ ನೆಟ್ಟಗೆ ಅಂಟಿಸಿ, ಫ್ಯಾನ್ ಗಾಳಿ ಬೀಳುವ ಕಡೆ ಇಡಿ. ಹಾಸಿಗೆ ಮೇಲಂತೂ ಬೇಡವೇ ಬೇಡ. ವೈರ್ ಇಲ್ಲದೆ ಚಾರ್ಜ್ ಆಗುವಾಗ ಒಂದಿಷ್ಟು ಕರೆಂಟ್ ಶಾಖವಾಗಿ ಹೋಗುತ್ತದೆ. ಫೋನ್ ಬಿಸಿಯಾದರೆ ತಾನೇ ಚಾರ್ಜಿಂಗ್ ವೇಗ ಇಳಿಸುತ್ತದೆ. ಐಫೋನ್ ಆದರೆ 80% ಹತ್ತಿರ ನಿಂತೇ ಬಿಡಬಹುದು. ಐಫೋನ್ ಬಳಸುವ ಜಾಗ 35 ಡಿಗ್ರಿ ಒಳಗಿರಬೇಕು ಅಂತ ಆಪಲ್ ಹೇಳುತ್ತದೆ. ನಮ್ಮ ವಿಜಯಪುರದಲ್ಲಿ ಏಪ್ರಿಲ್-ಮೇ ಮಧ್ಯಾಹ್ನ 40 ದಾಟುತ್ತದೆ, ಆರ್‌ಸಿಸಿ ಮನೆಯ ಮಹಡಿ ಮೇಲಂತೂ ಕೇಳಲೇಬೇಡಿ. ಆಗ ಫ್ಯಾನ್ ಬೀಸುವುದೂ ಬಿಸಿಗಾಳಿಯೇ ಅಲ್ವಾ? ಅಂಥ ಹೊತ್ತಲ್ಲಿ ಈ ಉಪಾಯ ನಡೆಯಲ್ಲ, ಬೆಳಗ್ಗೆ ಬೇಗ ಚಾರ್ಜ್ ಮಾಡಿಕೊಳ್ಳಿ. ಕರೆಂಟ್ ಹೋಗುವ ಮೊದಲು ಅವಸರಕ್ಕೆ ಚಾರ್ಜ್ ಬೇಕಿದ್ದರೆ ವೈರೇ ವಾಸಿ. ಹಾಗಂತ ಮ್ಯಾಗ್ನೆಟ್ ಬರೀ ಶೋಕಿ ಅಲ್ಲ. ಫೋನ್ ಸರಿಯಾದ ಜಾಗಕ್ಕೇ ಬಂದು ಕೂರುತ್ತದೆ, ಪಿನ್ ಸವೆಯಲ್ಲ, ಪೋರ್ಟ್‌ನಲ್ಲಿ ಧೂಳು ತುಂಬಿದ್ದರೂ ಚಿಂತೆ ಇಲ್ಲ. ಆದರೆ ಫೋನಿನಲ್ಲೇ ವೈರ್‌ಲೆಸ್ ಚಾರ್ಜಿಂಗ್ ಇಲ್ಲದಿದ್ದರೆ ಹಿಂದೆ ಮ್ಯಾಗ್ನೆಟ್ ರಿಂಗ್ ಅಂಟಿಸಿ ಉಪಯೋಗವಿಲ್ಲ, ಸುಮ್ನೆ ದುಡ್ಡು ದಂಡ. ರಿಂಗ್ ಹಿಡಿದು ನಿಲ್ಲಿಸುತ್ತದೆ ಅಷ್ಟೇ, ಚಾರ್ಜ್ ಮಾಡಲ್ಲ. ಅಡಾಪ್ಟರ್ ಕೂಡ 20 ವ್ಯಾಟ್‌ನದ್ದಿರಲಿ, ಹಳೆಯ 5 ವ್ಯಾಟ್‌ನದ್ದು ಸಾಲದು. ಇನ್ನೊಂದು, ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದರೆ, ಹೀಗೆ ಚಾರ್ಜ್ ಆಗುತ್ತಿರುವ ಫೋನ್ ಅವರ ಎದೆಯಿಂದ 30 ಸೆಂ.ಮೀ.ಗಿಂತ ಜಾಸ್ತಿ ದೂರ ಇರಲಿ.