ಸಿಲ್ವರ್ ಓಕ್ ಹಲಗೆಯಲ್ಲಿ ಕೆನೋ ಹುಟ್ಟು

ಹೇಮಾವತಿ ಹಿನ್ನೀರಿನಲ್ಲಿ ಕೆನೋ (ಸಣ್ಣ ಹಗುರ ದೋಣಿ) ನಡೆಸಲು ನಾನು ಮಾಡಿಕೊಳ್ಳುವ ಹುಟ್ಟುಗಳೆಲ್ಲ ಸಿಲ್ವರ್ ಓಕ್‌ನವು. ಕಾಫಿ ತೋಟದ ನೆರಳಿನ ಮರವಾದ್ದರಿಂದ ಸಕಲೇಶಪುರದ ಕಡೆ ಸುಲಭವಾಗಿ ಸಿಗುತ್ತದೆ, ತೇಗಕ್ಕಿಂತ ಅಗ್ಗ.

ಹಲಗೆ ಸರಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ವರ್ಷ ವರ್ಷ ಮರಗಸಿ (ನೆರಳು ಹದ ಮಾಡಲು ಕೊಂಬೆ ಸವರುವುದು) ಮಾಡಿದ ಮರದಲ್ಲಿ ಕೊಂಬೆ ಕಡಿದಲ್ಲೆಲ್ಲ ಗಂಟು ಕೂತಿರುತ್ತದೆ. ಹಾಗಾಗಿ ಬುಡದ ದಿಮ್ಮಿಯಿಂದ ಕುಯ್ದ, ಚೆನ್ನಾಗಿ ಒಣಗಿದ ಹಲಗೆಯನ್ನೇ ಕೇಳಿ: 5 ಅಡಿ ಉದ್ದ, 7 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಅಗಲದ ಮುಖ ಎಷ್ಟು ಚೆಂದವಿದ್ದರೂ ನೋಡಬೇಕಾದ್ದು ಪಕ್ಕದ ಅಂಚು. ಎಳೆ ಈ ತುದಿಯಿಂದ ಆ ತುದಿಗೆ ನೇರ ಓಡಬೇಕು. ಓರೆಯಾಗಿ ಹೊರಬಿದ್ದಿದ್ದರೆ ಕಾವು (ಹುಟ್ಟಿನ ಕೋಲು) ಅದೇ ಓರೆಯಲ್ಲಿ ಸೀಳುತ್ತದೆ. ಹಸಿ ಹಲಗೆಯಾದರೆ ಅಲಗು (ನೀರು ತಳ್ಳುವ ಅಗಲದ ಭಾಗ) ತಿರುಚಿಕೊಂಡು ಹುಟ್ಟು ಪಕ್ಕಕ್ಕೆ ಎಳೆಯುತ್ತದೆ.

ಅಳತೆಗೆ ದೋಣಿಯಲ್ಲಿ ನೆಟ್ಟಗೆ ಕೂತು ಮೂಗಿನಿಂದ ನೀರಿನವರೆಗೆ ಅಳೆಯಿರಿ. ಹಿಡಿಯ ತುದಿಯಿಂದ ಕೊರಳಿಗೆ (ಕಾವು ಅಲಗನ್ನು ಸೇರುವ ಜಾಗ) ಅಷ್ಟು ಉದ್ದ, ಅದರ ಕೆಳಗೆ 21 ಇಂಚಿನ ಅಲಗು. ಆಳವಾದ ನಿಂತ ನೀರಿಗೆ ಆರೂವರೆ ಇಂಚು ಅಗಲ ಧಾರಾಳ.

ಎರಡೂ ಮುಖ, ಎರಡೂ ಅಂಚಿನ ಮೇಲೆ ನಡುಗೆರೆ ಎಳೆದುಕೊಳ್ಳಿ. ಅರ್ಧ ಆಕಾರವನ್ನಷ್ಟೇ ರಟ್ಟಿನಲ್ಲಿ ಕತ್ತರಿಸಿ, ಮಗುಚಿ ಗುರುತು ಮಾಡಿದರೆ ಎರಡೂ ಬದಿ ಒಂದೇ ಸಮ ಬರುತ್ತದೆ. ಗೆರೆಯಿಂದ 2 ಮಿ.ಮೀ. ಹೊರಗೆ ಕುಯ್ಯಿರಿ. ಅಲಗಿನ ಅಂಚು 6 ಮಿ.ಮೀ.ಗೆ ಇಳಿಯುವವರೆಗೆ ಅಂಚಿನಿಂದ ನಡುವಿನತ್ತ ಕೀಸುಳಿ ಹಾಕಿ. ಕೊನೆಯ 1 ಮಿ.ಮೀ. ಮರಳು ಕಾಗದಕ್ಕೆ ಬಿಡಿ. ಈ ಮರ ಬೇಗ ಚಕ್ಕೆ ಏಳುತ್ತದೆ. ಚಕ್ಕೆ ಕಂಡ ಕೂಡಲೇ ಕೀಸುಳಿಯ ದಿಕ್ಕು ಬದಲಿಸಿ, ಅದರ ಬಾಯಿ ಮಸೆದು ತೆಳುವಾಗಿ ಕೀಸಿ.

ಕಾವು 32 ಮಿ.ಮೀ. ದಪ್ಪ, 28 ಮಿ.ಮೀ. ಅಗಲ. ನೀರೆಳೆಯುವ ದಿಕ್ಕಿನಲ್ಲೇ ದಪ್ಪ ಹೆಚ್ಚಿರಬೇಕು, ಬಾಗುವ ಒತ್ತಡ ಬೀಳುವುದು ಅಲ್ಲೇ. ದುಂಡು ಮಾಡುವಾಗ ಕಣ್ಣಂದಾಜು ಬೇಡ. ಪ್ರತಿ ಮುಖದ ಅಗಲವನ್ನು 24 ಪಾಲು ಮಾಡಿ ಎರಡೂ ಅಂಚಿನಿಂದ 7 ಪಾಲಿಗೆ ಗೆರೆ ಹಾಕಿ. 32ರ ಮುಖದಲ್ಲಿ 9.3, 28ರದ್ದರಲ್ಲಿ 8.2 ಮಿ.ಮೀ. ಬರುತ್ತದೆ. ಗೆರೆಗಳ ನಡುವಿನ ಮೂಲೆ ಕೀಸಿದರೆ ಎಂಟು ಮುಖ. ಆ ಮೂಲೆಗಳನ್ನೂ ತೆಗೆದರೆ ಹದಿನಾರು, ಉಳಿದದ್ದು ಮರಳು ಕಾಗದದ ಕೆಲಸ.

ಹುಟ್ಟು ಮುರಿಯುವುದು ಹೆಚ್ಚಾಗಿ ಕೊರಳಲ್ಲಿ. ದಪ್ಪ ಕಾವು ಥಟ್ಟನೆ ತೆಳು ಅಲಗಾದರೆ ಒತ್ತಡವೆಲ್ಲ ಅದೊಂದೇ ಗೆರೆಯ ಮೇಲೆ. ಕಾವಿನ ದಿಂಡನ್ನು ಅಲಗಿನೊಳಗೆ 6 ಇಂಚಾದರೂ ಇಳಿಸಿ, ನಿಧಾನವಾಗಿ ಕರಗಿಸಿ. ಕಣ್ಣು ಮುಚ್ಚಿ ಹೆಬ್ಬೆರಳು ಜಾರಿಸಿ ನೋಡಿ, ಮೆಟ್ಟಿಲು ತಗುಲಬಾರದು.

80, 120, 220 ನಂಬರಿನ ಕಾಗದದಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಎದ್ದ ನಾರು ಒಣಗಿದ ಮೇಲೆ ಇನ್ನೊಮ್ಮೆ 220. ಅಲಗಿನ ತುದಿ ನೀರು ಹೀರುವ ಜಾಗ, ಅಲ್ಲಿಗೆ ಎಪಾಕ್ಸಿ ಅಂಟು. ಉಳಿದ ಅಲಗಿಗೆ ವಾರ್ನಿಷ್. ಕಾವಿಗೂ ಹಿಡಿಗೂ ಅಗಸೆ ಎಣ್ಣೆ ಮಾತ್ರ, ವಾರ್ನಿಷ್ ಹಚ್ಚಿದರೆ ಅಂಗೈ ಬೊಬ್ಬೆ ಏಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಇಲ್ಲವೇ ಬಯಲಿನಲ್ಲಿ ಹರಡಿ ಒಣಗಿಸಿ.