ನಗದಾ, ಸಾಲಾ? ಬಟನ್ ನೋಡಿದ ಕೂಡಲೇ ಗೊತ್ತಾಗಬೇಕು

ಬಟನ್ ಎರಡೇ ಇದ್ದಾಗ ಯಾವುದು ಆಯ್ಕೆಯಾಗಿದೆ ಅಂತ ತೋರಿಸೋಕೆ ಬಣ್ಣವೊಂದನ್ನೇ ನಂಬಬೇಡಿ. ಕೋಲಾರದ ಟೊಮ್ಯಾಟೊ ಮಂಡಿಯೊಂದಕ್ಕೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟ ಮೇಲೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಅವರ ಹತ್ತಿರ ಮೊದಲಿದ್ದ ಆ್ಯಪ್‌ನಲ್ಲಿ ‘ನಗದು’, ‘ಸಾಲ’ ಅಂತ ಅಕ್ಕಪಕ್ಕ ಎರಡು ಬಟನ್. ಒಂದು ಹಸಿರು, ಇನ್ನೊಂದು ಬಿಳಿ. ಹಸಿರು ಇರುವುದೇ ಆಯ್ಕೆಯಾಗಿದೆ ಅಂತ ಒಬ್ಬ ಗುಮಾಸ್ತರು, ಹಸಿರು ಅಂದ್ರೆ ಇದನ್ನು ಒತ್ತಿ ಅಂತ ಅರ್ಥ ಎಂದು ಇನ್ನೊಬ್ಬರು. ಇಬ್ಬರ ಮಾತಲ್ಲೂ ನ್ಯಾಯ ಇದೆ, ಅಲ್ವಾ? ನಾಲ್ಕು ಬಟನ್ ಇದ್ದರೆ ಮೂರು ಒಂದೇ ಥರ ಇರುತ್ತವೆ, ಬೇರೆ ಕಾಣುವುದೇ ಆಯ್ಕೆ ಅಂತ ಕಣ್ಣು ತಾನೇ ಹಿಡಿಯುತ್ತದೆ. ಎರಡೇ ಇದ್ದರೆ ಹೋಲಿಸಿ ನೋಡೋಕೆ ಮೂರನೆಯದು ಇರುವುದಿಲ್ಲ. ಹರಾಜು ನಡೆಯುವಾಗ ಎರಡನ್ನೂ ಒತ್ತಿ ಒತ್ತಿ ಖಾತ್ರಿ ಮಾಡಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ? ನಗದು ಕೊಟ್ಟವರ ಹೆಸರಿಗೆ ಸಾಲ ಬಿದ್ದರೆ ಲೆಕ್ಕ ಕೂಡಿಸುವಾಗ ಜಗಳವೇ.

ಹಳೇ ಟೇಪ್ ರೆಕಾರ್ಡರ್‌ನಲ್ಲಿ ಒತ್ತಿದ ಬಟನ್ ಕೆಳಗೇ ಕೂತಿರುತ್ತಿತ್ತು, ಬಣ್ಣ ನೋಡುವ ಅಗತ್ಯವೇ ಇರಲಿಲ್ಲ. ಪರದೆಯ ಮೇಲೂ ಆ ಥರ ಆಕಾರದಲ್ಲೇ ಒಂದು ಗುರುತು ಬೇಕು. ಹಾಗಾಗಿ ಆಯ್ಕೆಯಾದ ಬಟನ್‌ಗೆ ಗಾಢ ಹಸಿರು ತುಂಬಿ, ಬಿಳಿ ಅಕ್ಷರ ಕೊಟ್ಟು, ಎಡಗಡೆ ಟಿಕ್ ಇರುವ ವೃತ್ತ ಹಾಕಿದೆ. ಆಯ್ಕೆಯಾಗದ್ದಕ್ಕೆ ಬಿಳಿ ಹಿನ್ನೆಲೆ, ಸುತ್ತ ಗಾಢ ಗೆರೆ, ಎಡಗಡೆ ಖಾಲಿ ವೃತ್ತ. ಈ ಖಾಲಿ ವೃತ್ತ ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಟಿಕ್ ಬರುವ ಜಾಗ ಮೊದಲೇ ಕಾದಿಟ್ಟ ಹಾಗಾಗುತ್ತದೆ, ಒತ್ತಿದಾಗ ಅಕ್ಷರ ಪಕ್ಕಕ್ಕೆ ಜಿಗಿಯುವುದಿಲ್ಲ. ಗೂಗಲ್‌ನ ಮೆಟೀರಿಯಲ್ 3 ವಿನ್ಯಾಸದ ಮೊದಲಿನ ಜೋಡಿ ಬಟನ್‌ಗಳಲ್ಲೂ ಆಯ್ಕೆಯಾದದ್ದಕ್ಕೆ ಟಿಕ್ ಇತ್ತು.

ಆಯ್ಕೆಯಾದದ್ದರ ಕೆಳಗೆ ಗೆರೆ ಎಳೆಯುವುದು ಇಂಗ್ಲಿಷ್ ಆ್ಯಪ್‌ಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ‘ಬಾಕ್ಸ್’, ‘ಒಟ್ಟು’ ಅಂತ ಬರೆದರೆ ಗೆರೆ ಒತ್ತನ್ನೇ ಕೊಯ್ದುಕೊಂಡು ಹೋಗುತ್ತದೆ. ದಪ್ಪ ಅಕ್ಷರವೂ ಹಾಗೇ, ಸಣ್ಣ ಸೈಜಿನಲ್ಲಿ ಒತ್ತು ಮುಚ್ಚಿಕೊಂಡು ಮಸಿ ಚುಕ್ಕೆಯಂತೆ ಕಾಣುತ್ತದೆ. ಇಲ್ಲಿ ಮಾಲು ಹೋಗುವುದೇ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ, ಆ ಪದವೇ ಓದೋಕೆ ಆಗದಿದ್ದರೆ ಹೇಗೆ? ಅದಕ್ಕೇ ಎರಡನ್ನೂ ಬಿಟ್ಟೆ.

ಬಿಸಿಲಿನ ವಿಷಯ ಬೇರೆ. ಬಿಳಿ ಮೇಲೆ ತಿಳಿ ಬೂದು ಆಫೀಸಿನ ಮಾನಿಟರ್‌ನಲ್ಲಿ ಚಂದ, ಮಂಡಿ ಅಂಗಳದಲ್ಲಿ ಮಾಯ. ಲೆಕ್ಕ ಹಾಕಿದರೆ ಆ ಬೂದು ಬಣ್ಣಕ್ಕೂ ಬಿಳಿಗೂ ಇರುವ ಹೊಳಪಿನ ಅಂತರ (ಕಾಂಟ್ರಾಸ್ಟ್) ಬರೀ 1.3:1. ವೆಬ್ ಪುಟಗಳನ್ನು ಎಲ್ಲರೂ ಬಳಸುವಂತಿರಬೇಕು ಅಂತ 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಬಟನ್‌ನ ಸ್ಥಿತಿ ತೋರಿಸುವ ಗುರುತಿಗೆ ಕನಿಷ್ಠ 3:1 ಇರಬೇಕು ಅನ್ನುತ್ತದೆ, ಮಾಹಿತಿಯನ್ನು ಬಣ್ಣವೊಂದರಿಂದಲೇ ಹೇಳಬೇಡಿ ಅಂತಲೂ ಹೇಳುತ್ತದೆ. ನಾನು ಹಾಕಿದ ಹಸಿರಿಗೆ 7:1ಕ್ಕೂ ಜಾಸ್ತಿ ಸಿಗುತ್ತದೆ. ಆಯ್ಕೆಯಾಗದ ಬಟನ್‌ಗೆ ಬೂದು ತುಂಬಬೇಡಿ, ಅದು ಕೆಲಸವೇ ಮಾಡುವುದಿಲ್ಲ ಅಂದುಕೊಂಡು ಜನ ಒತ್ತುವುದನ್ನೇ ಬಿಡುತ್ತಾರೆ.

ಕೋಡ್ ವಿಷಯಕ್ಕೆ ಬಂದರೆ, ಇದು ವೆಬ್ ಆ್ಯಪ್ ಆದ್ದರಿಂದ ಒಳಗೆ ಇಟ್ಟಿದ್ದು ಒಂದನ್ನಷ್ಟೇ ಆರಿಸೋಕೆ ಬಿಡುವ ಮಾಮೂಲಿ ರೇಡಿಯೋ ಇನ್‌ಪುಟ್, ಮೇಲೆ ಬಣ್ಣ-ಆಕಾರ ಕೊಡುವ ಸಿಎಸ್‌ಎಸ್ ಹೊದಿಕೆ. ಬರೀ ಖಾಲಿ ಚೌಕಟ್ಟಾದ ಡಿವ್‌ಗೆ ಬಣ್ಣ ಬಳಿದರೆ ಯಾವುದು ಆಯ್ಕೆಯಾಗಿದೆ ಅಂತ ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಗೊತ್ತಾಗುವುದಿಲ್ಲ, ಕಣ್ಣು ಕಾಣದವರಿಗೆ ಹೇಳುವುದೂ ಇಲ್ಲ. ಆಮೇಲೆ ಫೋನನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಗುಮಾಸ್ತರ ಕೈಗೆ ಕೊಟ್ಟೆ. ಟಿಕ್ ನೋಡಿಯೇ “ಸಾಲ ಆಗಿದೆ ಸಾರ್” ಅಂದರು.

ಇನ್ನೊಂದು ಮಾತು. ಹೊಸ ಬಿಲ್ ತೆರೆದಾಗ ನಗದೂ ಆಯ್ಕೆಯಾಗಿರುವುದಿಲ್ಲ, ಸಾಲವೂ ಆಗಿರುವುದಿಲ್ಲ. ಎರಡೂ ವೃತ್ತ ಖಾಲಿ, ಒಂದನ್ನು ಒತ್ತುವವರೆಗೂ ಬಿಲ್ ಸೇವ್ ಆಗದು. ಮಂಡಿ ಮಾಲೀಕರು ನಗದನ್ನೇ ಮೊದಲೇ ಹಾಕಿಡಿ, ಒಂದು ಸಲ ಒತ್ತುವುದು ಉಳಿಯುತ್ತದೆ ಅಂದರು. ದುಡ್ಡಿನ ಲೆಕ್ಕದಲ್ಲಿ ಅದು ಬೇಡ ಅಂತ ನಾನು ಪಟ್ಟು ಹಿಡಿದೆ, ಈಗಲೂ ಹಾಗೇ ಇದೆ.